ಸಂತೆಯ ಕೊಸರು: ತೂಕ ಮುಗಿದ ಮೇಲೆ ಚೀಲಕ್ಕೆ ಬೀಳುವ ಆ ಒಂದು ಹಿಡಿ

ನವನಗರದ ಓದುಗ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ದಿನದ ಕೆಲಸಗಳ ನಡುವೆ ಮುಖದ ಮೇಲೆ ತಾನಾಗಿ ನಗು ತರಿಸುವ ಸಣ್ಣ ಸಂಗತಿಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಕೊಸರು. ಕಾಯಿಪಲ್ಲೆಯನ್ನು ತೂಗಿ, ಚೀಲಕ್ಕೆ ಸುರುವಿ, ಹಣವನ್ನೂ ಎಣಿಸಿಕೊಂಡ ಮೇಲೆ ಮಾರುವ ಅವ್ವ "ತಡೀರಿ, ತಡೀರಿ" ಎಂದು ಕರೆದು, ಇನ್ನೆರಡು ಬದನೆಕಾಯಿಯನ್ನೋ ಒಂದು ಹಿಡಿ ಹಸಿಮೆಣಸಿನಕಾಯಿಯನ್ನೋ ಮೇಲೆ ಹಾಕುತ್ತಾಳಲ್ಲ, ಅದರ ಬೆಲೆ ಹೆಚ್ಚೆಂದರೆ ಎರಡು ಮೂರು ರೂಪಾಯಿ ಇದ್ದೀತು. ಆದರೂ ಹತ್ತು ರೂಪಾಯಿ ರಿಯಾಯಿತಿ ಸಿಕ್ಕಾಗ ಬಾರದ ನಗು ಆಗ ಬರುತ್ತದೆ. ರಿಯಾಯಿತಿಯನ್ನು ನಾವು ಕೇಳಿ, ವಾದಿಸಿ ಪಡೆದಿರುತ್ತೇವೆ. ಕೊಸರಾದರೋ ವ್ಯವಹಾರವೆಲ್ಲ ಮುಗಿದು, ಕೊಡಬೇಕೆಂಬ ಬಾಧ್ಯತೆ ಯಾರಿಗೂ ಉಳಿಯದಿದ್ದಾಗ, ಅವರಾಗಿಯೇ ಕೊಡುವಂಥದ್ದು. ನಗುವಿನ ಕಾರಣ ಇದೇ ಇರಬೇಕೆಂದು ನನಗೆ ತೋರುತ್ತದೆ.

ನಮ್ಮ ಊರಿನ ವಿಷಯದಲ್ಲಿ ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಬಹುಭಾಗ ಮುಳುಗಡೆಯಾಗಿ ಜನರು ನವನಗರಕ್ಕೆ ಬಂದು ನೆಲೆಸಿದಾಗ, ಮನೆಗಳಿಗೆ ಪರಿಹಾರವಾಗಿ ನಿವೇಶನ ಸಿಕ್ಕಿತು, ರಸ್ತೆಗಳು ಅಗಲವಾದವು, ಸೆಕ್ಟರುಗಳಿಗೆ ಸಂಖ್ಯೆಗಳು ಬಂದವು. ಆದರೆ ಒಬ್ಬ ಖಾಯಂ ಗಿರಾಕಿಗೂ ಅವನ ಕಾಯಿಪಲ್ಲೆಯವ್ವನಿಗೂ ನಡುವೆ ವರ್ಷಗಟ್ಟಲೆ ಬೆಳೆದುಬಂದಿದ್ದ ಪರಿಚಯವನ್ನು ಯಾವ ನಕ್ಷೆಯಲ್ಲಿಯೂ ಗುರುತಿಸಲು ಸಾಧ್ಯವಿರಲಿಲ್ಲ. ನವನಗರಕ್ಕೆ ಬಂದ ಹೊಸದರಲ್ಲಿ ನಮ್ಮ ತಾಯಿಯವರಿಗೆ ಸಂತೆಗೆ ಹೋಗಿ ಬಂದರೆ ಬೇಸರವೇ ಆಗುತ್ತಿತ್ತು, ಏಕೆಂದರೆ ಅಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಬಹಳ ದಿನಗಳ ಮೇಲೆ ಹಳೆಯ ಪೇಟೆಯಲ್ಲಿ ಮೆಂತ್ಯಪಲ್ಲೆ ಮಾರುತ್ತಿದ್ದ ಒಬ್ಬ ಹಿರಿಯಳು ಇವರನ್ನು ದೂರದಿಂದಲೇ ಗುರುತಿಸಿ, "ನೀವು ಕಿಲ್ಲಾದೊಳಗಿದ್ದವರಲ್ಲೇನ್ರಿ?" ಎಂದು ಕೇಳಿ, ಕೊಂಡ ಎರಡು ಸೂಡಿನ ಮೇಲೆ ಮತ್ತೊಂದು ಸೂಡನ್ನು ಇಟ್ಟು ಕಳುಹಿಸಿದಳು. ಅಂದು ತಾಯಿಯವರು ಮನೆಗೆ ಬಂದು ನಮಗೆ ಹೇಳಿದ್ದು ಮೆಂತ್ಯದ ವಿಷಯವನ್ನಲ್ಲ, "ಇಲ್ಲಿಯೂ ನಮ್ಮವರು ಸಿಕ್ಕರು" ಎಂಬುದನ್ನು.

ಈಗ ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ, ಮೊಬೈಲಿನಲ್ಲಿ ಹಣ ಕೊಡುವ ರೂಢಿ ಬಂದಿದೆ, ಮಾಲುಗಳಲ್ಲಿ ತರಕಾರಿಗೆ ಚೀಟಿ ಅಂಟಿಸಿ ಇಡುತ್ತಾರೆ. ಕೊಸರು ಉಳಿದಿದೆಯೆ? ನಿಮ್ಮ ಊರಿನಲ್ಲಿ ಅದು ಯಾವ ರೂಪದಲ್ಲಿದೆ? ತಿಳಿದವರು ಬರೆಯಬೇಕೆಂದು ಕೋರುತ್ತೇನೆ.

ಶಹಾಪುರದ ಕಿರಾಣಿ ವ್ಯಾಪಾರಿ (ಬೆಳಗಾವಿ)

ಮಾನ್ಯರೆ, ಕೊಡುವವರ ಕಡೆಯಿಂದ ನಾನು ಎರಡು ಮಾತು ಬರೆಯುತ್ತೇನೆ. ನಮ್ಮದು ಅಜ್ಜನ ಕಾಲದಿಂದ ನಡೆದುಕೊಂಡು ಬಂದ ಕಿರಾಣಿ ಅಂಗಡಿ. ಮೆಟ್ರಿಕ್ ತೂಕಗಳು ನಮ್ಮ ದೇಶದಲ್ಲಿ 1958ರಿಂದ ಜಾರಿಗೆ ಬರಲು ಆರಂಭಿಸಿದವು. ಅದಕ್ಕಿಂತ ಮೊದಲು ಸೇರು, ಪಾವು, ಚಟಾಕುಗಳೇ ಲೆಕ್ಕವಾಗಿದ್ದವು. ಒಂದು ಸೇರೆಂದರೆ ಸುಮಾರು 933 ಗ್ರಾಂ, ಅಂದರೆ ಇಂದಿನ ಕಿಲೋಗಿಂತ ತುಸು ಕಡಿಮೆ. ಹೊಸ ತೂಕದ ಕಲ್ಲುಗಳು ಬಂದಾಗ ಹಳ್ಳಿಯ ಗಿರಾಕಿಗಳಿಗೆ ಗೊಂದಲವಾಗಿ, ತಮಗೆಲ್ಲಿ ಮೋಸವಾಗುತ್ತದೆಯೋ ಎಂದು ಅಂಜುತ್ತಿದ್ದರೆಂದೂ, ಆ ಅಂಜಿಕೆಯನ್ನು ಕಳೆಯಲು ಅಜ್ಜ ಪ್ರತಿಯೊಬ್ಬರಿಗೂ ತೂಕದ ಮೇಲೆ ಒಂದು ಚಿಟಿಕೆ ಹೆಚ್ಚು ಹಾಕುತ್ತಿದ್ದರೆಂದೂ ನಮ್ಮ ತಂದೆಯವರು ಹೇಳುತ್ತಿದ್ದರು. ಕಾಳು ಅಳೆಯುವಾಗ ಒಂದು ಎನ್ನುವ ಬದಲು "ಲಾಭ" ಎಂದು ಎಣಿಕೆ ಶುರುಮಾಡುವ ಪದ್ಧತಿಯನ್ನು ಅವರು ಕಡೆಯವರೆಗೂ ಬಿಡಲಿಲ್ಲ.

ಎರಡು ಪರಡಿಯ ತಕ್ಕಡಿಯಲ್ಲಿ ಕೊಸರು ಕಣ್ಣಿಗೆ ಕಾಣುತ್ತಿತ್ತು. ಸಾಮಾನಿನ ಪರಡಿ ಕೆಳಗೆ ಜಗ್ಗಿ ನಿಂತರೆ ಗಿರಾಕಿಗೆ ಸಮಾಧಾನ, ನಮಗೂ ಹೆಮ್ಮೆ. ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಅದೇ ಹೆಚ್ಚಳ ಕೆಂಪು ಅಂಕಿಗಳಾಗಿ ಮೂಡುವುದರಿಂದ, ಅದು ಕೊಟ್ಟದ್ದೋ ತಪ್ಪಿ ಬಿದ್ದದ್ದೋ ಎಂಬುದು ತಿಳಿಯುವುದಿಲ್ಲ. ಹೀಗಾಗಿ ನಾನು ಚೀಲವನ್ನು ತಕ್ಕಡಿಯಿಂದ ಇಳಿಸಿ, ಆಮೇಲೆ ಮೇಲಿಂದ ಹಾಕುತ್ತೇನೆ. ಯಂತ್ರ ಕೊಸರನ್ನು ತಡೆಯಲಿಲ್ಲ. ಅದನ್ನು ತಕ್ಕಡಿಯಿಂದ ಆಚೆಗೆ ಸರಿಸಿತು, ಅಷ್ಟೆ. ನಿಜವಾಗಿ ತಡೆದದ್ದು ಪ್ಯಾಕೆಟ್ಟು. ಮೊಹರು ಮಾಡಿದ ಚೀಲದ ಮೇಲೆ ತೂಕವೂ ಬೆಲೆಯೂ ಅಚ್ಚಾಗಿ ಬಂದಿರುವಾಗ ಅಂಗಡಿಯವನ ಕೈಗೆ ಮಾಡಲು ಏನೂ ಉಳಿಯುವುದಿಲ್ಲ. ಬಿಡಿಯಾಗಿ ಮಾರುವ ಬೆಲ್ಲ, ಪುಠಾಣಿ, ಶೇಂಗಾ, ಒಣಕೊಬ್ಬರಿ ಇಷ್ಟರಲ್ಲಿ ಮಾತ್ರ ಈಗ ನಮ್ಮ ಅಂಗಡಿಯ ಕೊಸರು ಬದುಕಿದೆ.

ಒಂದು ಸ್ಪಷ್ಟನೆಯನ್ನೂ ಕೊಡಬೇಕು. ಚಿಲ್ಲರೆ ಇಲ್ಲವೆಂದು ಕೈಗೆ ತುರುಕುವ ಚಾಕೊಲೇಟು ಕೊಸರಲ್ಲ, ಅದು ಗಿರಾಕಿಯದೇ ಹಣ. ತಂದೆ ತಾಯಿ ಸಾಮಾನಿಗೆ ಕಳಿಸಿದ ಹುಡುಗನ ಅಂಗೈಯಲ್ಲಿ ನಾವಾಗಿ ಇಡುವ ಬೆಲ್ಲದ ಚೂರು ಕೊಸರು. ಆ ಬೆಲ್ಲವನ್ನು ದವಡೆಯಲ್ಲಿಟ್ಟುಕೊಂಡು ಹುಡುಗ ಓಡುವುದನ್ನು ನೋಡಿ ನನಗೆ ಬರುವ ನಗು, ಹುಡುಗನ ನಗುವಿಗಿಂತ ದೊಡ್ಡದೇ ಇದ್ದೀತು.

ಬಾದಾಮಿಯ ಗೃಹಿಣಿ

ವ್ಯಾಪಾರಿ ಅಣ್ಣಾವ್ರು ಬರೆದದ್ದು ನೂರಕ್ಕೆ ನೂರು ನಿಜ. ನಮ್ಮಲ್ಲಿ ಬನಶಂಕರಿ ಗುಡಿಗೆ ಬಂದವರೆಲ್ಲರಿಗೂ ಹರಿದ್ರಾತೀರ್ಥದ ಹೊಂಡದ ಸುತ್ತ ಬುಟ್ಟಿ ಇಟ್ಟುಕೊಂಡು ಕೂರುವ ರೊಟ್ಟಿಯ ತಾಯಂದಿರ ಪರಿಚಯ ಇದ್ದೇ ಇರುತ್ತದೆ. ಜೋಳದ ರೊಟ್ಟಿ, ಬದನೆಕಾಯಿ ಪಲ್ಲೆ, ಕಾಳುಪಲ್ಲೆ, ಶೇಂಗಾ ಹಿಂಡಿ, ಕೆಂಪುಖಾರ, ಮಣ್ಣಿನ ಗಡಿಗೆಯಲ್ಲಿ ಹೆಪ್ಪುಹಾಕಿದ ಗಟ್ಟಿ ಮೊಸರು, ಇಷ್ಟನ್ನೂ ಸುತ್ತಲಿನ ಹಳ್ಳಿಗಳಿಂದ ತಲೆಯ ಮೇಲೆ ಹೊತ್ತು ತಂದು, ದರ್ಶನ ಮುಗಿಸಿ ಬಂದವರಿಗೆ ನೆಲದ ಮೇಲೆ ಕೂರಿಸಿ ಬಡಿಸುತ್ತಾರೆ. ಇಷ್ಟು ರೊಟ್ಟಿಗೆ ಇಷ್ಟು ಎಂದು ಬೆಲೆ ನಿಗದಿಯಾಗಿರುತ್ತದೆ. ಆದರೆ ಪಲ್ಲೆ ಮುಗಿದದ್ದನ್ನು ನೋಡಿ ಮತ್ತೊಂದು ಸೌಟು ಹಾಕುವುದಕ್ಕೆ ಅವರು ಲೆಕ್ಕ ಹಿಡಿಯುವುದಿಲ್ಲ. "ಬರೇ ಒಣಾ ರೊಟ್ಟಿ ತಿಂತೀರೇನ್ರಿ, ಮೊಸರು ಹಾಕ್ಕೋರಿ" ಎಂದು ಗದರಿಸುವಂತೆ ಹೇಳಿ ಹಾಕುತ್ತಾರೆ.

ಬೆಂಗಳೂರಿನಿಂದ ಬಂದಿದ್ದ ನಮ್ಮ ನೆಂಟರ ಮಗಳೊಬ್ಬಳು ಒಮ್ಮೆ ಎರಡನೆಯ ಸಲ ಹಾಕಿದ ಮೊಸರಿಗೆ ಎಷ್ಟು ಕೊಡಬೇಕೆಂದು ಕೇಳಿದಳು. ಆ ತಾಯಿ ಉತ್ತರ ಕೊಡದೆ ನನ್ನ ಕಡೆ ನೋಡಿ ನಕ್ಕರು. ಆ ಹುಡುಗಿಯೂ ಅರ್ಥ ಮಾಡಿಕೊಂಡು ನಕ್ಕಳು. ಅವಳು ಊರಿಗೆ ಹೋದ ಮೇಲೆ ಮೇಣಬಸದಿಗಳ (ಬಂಡೆಯಲ್ಲಿ ಕೊರೆದ ಗುಹಾಲಯಗಳ) ಬಗ್ಗೆ, ಮೂರನೆಯ ಗುಹೆಯಲ್ಲಿರುವ ಕ್ರಿ.ಶ. 578ರ ಮಂಗಳೇಶನ ಶಾಸನದ ಬಗ್ಗೆ ಎಲ್ಲರಿಗೂ ಹೇಳಿದಳಂತೆ. ಆದರೆ ಫೋನು ಮಾಡಿದಾಗಲೆಲ್ಲ ನನ್ನ ಬಳಿ ವಿಚಾರಿಸುವುದು ಆ ಮೊಸರಿನ ತಾಯಿಯನ್ನು. ಪುಷ್ಯಮಾಸದ ಜಾತ್ರೆಯ ಗದ್ದಲದಲ್ಲಿ ಮಾತ್ರ ಇದನ್ನು ನಿರೀಕ್ಷಿಸಬಾರದು. ಆಗ ಅವರಿಗೂ ಉಸಿರು ಬಿಡಲು ಪುರುಸೊತ್ತು ಇರುವುದಿಲ್ಲ.

ವಸತಿ ನಿಲಯದ ವಿದ್ಯಾರ್ಥಿನಿ (ವಿಜಯಪುರ)

ಹಿರಿಯರೆಲ್ಲರಿಗೂ ನಮಸ್ಕಾರಗಳು. ನಮ್ಮ ಪೀಳಿಗೆಯವರಿಗೆ ಕೊಸರು ಸಿಗುವುದಿಲ್ಲ ಎಂದು ನೀವು ತಿಳಿದಿದ್ದರೆ ಅದು ಅಷ್ಟು ಸರಿಯಲ್ಲ ಎಂದು ವಿನಯದಿಂದ ಹೇಳಬಯಸುತ್ತೇನೆ. 2016ರಲ್ಲಿ ಯುಪಿಐ ಬಂದಾಗ ನಾನು ಸಣ್ಣವಳಿದ್ದೆ, ಕೈಯಲ್ಲಿ ನೋಟು ಹಿಡಿದು ಸಂತೆ ಮಾಡಿದ ನೆನಪೇ ನನಗೆ ಕಡಿಮೆ. ಮೊದಲು ನಲವತ್ತೇಳು ರೂಪಾಯಿ ಆದರೆ "ನಲವತ್ತೈದು ಕೊಡ್ರಿ" ಎನ್ನುತ್ತಿದ್ದರಂತೆ. ಈಗ ನಲವತ್ತೇಳನ್ನೇ ಕಳಿಸುತ್ತೇವೆ, ಹಣ ಬಂದದ್ದನ್ನು ಸಾರುವ ಪುಟ್ಟ ಧ್ವನಿಪೆಟ್ಟಿಗೆ ಅದನ್ನು ಗಟ್ಟಿಯಾಗಿ ಕೂಗಿ ಹೇಳುತ್ತದೆ. ಅಷ್ಟರಮಟ್ಟಿಗೆ ಎರಡು ರೂಪಾಯಿಯ ಕೊಸರು ಹೋಗಿದೆ.

ಆದರೆ ನೆಟ್‌ವರ್ಕ್ ಇಲ್ಲದ ಹೊತ್ತಿನಲ್ಲಿ, ನಾನು ಫೋನನ್ನು ಮೇಲೆ ಕೆಳಗೆ ಹಿಡಿದು ಒದ್ದಾಡುತ್ತಿರುವಾಗ, ಹೆಸರೂ ಕೇಳದೆ, ಯಾವ ಕಾಲೇಜು ಎಂದೂ ಕೇಳದೆ, "ಇರ್ಲಿ ಹೋಗವ್ವಾ, ನಾಳೆ ಈ ಕಡೆ ಬಂದಾಗ ಕೊಡೂವಂತಿ" ಎಂದು ಬಾಳೆಹಣ್ಣಿನ ಕಾಕಾ ಕಳಿಸಿಬಿಡುತ್ತಾರೆ. ಗಾಂಧಿಚೌಕದಿಂದ ವಸತಿ ನಿಲಯದವರೆಗೆ ನಾನು ನಗುತ್ತಲೇ ಬರುತ್ತೇನೆ. ಎರಡು ಹಣ್ಣು ಹೆಚ್ಚು ಕೊಡುವುದಕ್ಕಿಂತ ಡಜನ್ ಹಣ್ಣನ್ನು ನಂಬಿ ಕೊಡುವುದು ದೊಡ್ಡ ಕೊಸರಲ್ಲವೆ?

ಶಹಾಪುರದ ಕಿರಾಣಿ ವ್ಯಾಪಾರಿ (ಬೆಳಗಾವಿ)

ತಂಗಿ, ಅದು ಉದ್ರಿ. ಅದೂ ದೊಡ್ಡದೇ, ಆದರೆ ಉದ್ರಿಯಲ್ಲಿ ನೀನು ಮರಳಿ ಕೊಡಬೇಕಾದದ್ದು ಉಳಿದಿರುತ್ತದೆ. ಕೊಸರಿನಲ್ಲಿ ಉಳಿಯುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ಇಡೋಣ.

ಕಾಯಿಪಲ್ಲೆಯವ್ವನ ಮಗ (ವಿಜಯಪುರ)

ಇಲ್ಲಿಯವರೆಗಿನ ಬರಹಗಳನ್ನೆಲ್ಲ ಓದಿದೆ. ಬರೆದವರೆಲ್ಲರ ಮನಸ್ಸು ಒಳ್ಳೆಯದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಬುಟ್ಟಿಯ ಆ ಕಡೆ ಕುಳಿತು ಬೆಳೆದವನಾದ್ದರಿಂದ ಕೆಲವು ಮಾತುಗಳನ್ನು ಹೇಳದೆ ಇರಲಾರೆ.

ನಮ್ಮ ತಾಯಿ ಕಾಯಿಪಲ್ಲೆ ಮಾರಿಯೇ ನಮ್ಮನ್ನು ಓದಿಸಿದಳು. ಬೆಳಗಿನ ಜಾವ ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ, ಬುಟ್ಟಿಯ ಲೆಕ್ಕದಲ್ಲಿ, ಸೂಡಿನ ಲೆಕ್ಕದಲ್ಲಿ ಮಾಲು ಹಿಡಿಯಬೇಕು. ಬುಟ್ಟಿಯ ಮೇಲೆ ಚೆಂದದ ಟೊಮೆಟೊ ಇದ್ದು ಕೆಳಗೆ ಹಣ್ಣಾಗಿ ಒಡೆದದ್ದು ಇರುತ್ತದೆ, ಅದರ ಹಾನಿ ಅವಳದೇ. ಆ ದಿನಗಳಲ್ಲಿ ಮುಂಜಾನೆ ಸಾಲ ತಂದು ಸಂಜೆ ಬಡ್ಡಿಸಮೇತ ತೀರಿಸುವ ಪದ್ಧತಿ ಇತ್ತು. ಬೀದಿಬದಿ ವ್ಯಾಪಾರಿಗಳಿಗಾಗಿ 2014ರಲ್ಲಿ ಕಾಯ್ದೆ ಬಂದದ್ದು, 2020ರಲ್ಲಿ ಕೇಂದ್ರದ ಸ್ವನಿಧಿ ಯೋಜನೆಯಲ್ಲಿ ಮೊದಲ ಕಂತಾಗಿ ಹತ್ತು ಸಾವಿರ ರೂಪಾಯಿಯವರೆಗೆ ಸಾಲ ಸಿಗತೊಡಗಿದ್ದು, ಇವೆಲ್ಲ ಆಮೇಲಿನ ಮಾತು. ಇಂಥ ಲೆಕ್ಕದಲ್ಲಿ ಬದುಕುವವಳಿಗೆ ಕೊಸರೆಂಬುದು ಲೆಕ್ಕದಾಚೆಗಿನದಲ್ಲ. ಅವಳು ಬೆಳಗ್ಗೆಯೇ ಸೊಟ್ಟ ಬದನೆಕಾಯಿ, ಗಿಡ್ಡ ಮೂಲಂಗಿ, ಎಸಳು ಬಿಡಿಯಾದ ಕೊತ್ತಂಬರಿ ಇವುಗಳನ್ನು ಬೇರೆ ಗುಂಪಿ ಮಾಡಿ ತನ್ನ ಬಲಗಡೆಗೆ ಇಟ್ಟುಕೊಳ್ಳುತ್ತಿದ್ದಳು. ಕೊಸರು ಅಲ್ಲಿಂದ ಹೋಗಬೇಕು. ಆ ಗುಂಪಿ ಮುಗಿದ ಮೇಲೂ ಕೊಡಬೇಕಾಗಿ ಬಂದರೆ ಅದು ಅವಳ ಕೂಲಿಯಿಂದ ಹೋಗುವಂಥದ್ದು.

ನಿಮ್ಮಂತೆ ಕಾಯುವ ಗಿರಾಕಿಗಳು ಕಡಿಮೆ. ದೊಡ್ಡ ಮನೆಯ ಹೆಂಗಸರು ತೂಕ ಮುಗಿಯುವ ಮೊದಲೇ ತಮ್ಮ ಕೈಯಿಂದಲೇ ನಾಲ್ಕು ಮೆಣಸಿನಕಾಯಿ ಎತ್ತಿ ಚೀಲಕ್ಕೆ ಹಾಕಿಕೊಳ್ಳುವುದನ್ನು, ಕರಿಬೇವು ಕೊಡದಿದ್ದರೆ ಕೊಂಡದ್ದನ್ನೆಲ್ಲ ಬುಟ್ಟಿಗೆ ಮರಳಿ ಸುರಿಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮುಂಜಾನೆಯ ಬೋಣಿಯ ಹೊತ್ತಿನಲ್ಲಂತೂ ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಅವಳ ನಂಬಿಕೆ ತಿಳಿದವರು ಬೇಕೆಂದೇ ಆ ಹೊತ್ತಿಗೆ ಬಂದು ಜಗ್ಗಾಡುತ್ತಿದ್ದರು. ಆಗ ನಮ್ಮ ತಾಯಿಯ ಮುಖದಲ್ಲಿ ನಗು ಇರುತ್ತಿರಲಿಲ್ಲ. ಕೊಡುತ್ತಿದ್ದಳು, ಆದರೆ ತಲೆ ಎತ್ತುತ್ತಿರಲಿಲ್ಲ.

ಅದೇ ತಾಯಿ, ಶಾಲೆಯ ಚೀಲ ಹಾಕಿಕೊಂಡು ಅಜ್ಜಿಯ ಸೆರಗು ಹಿಡಿದು ಬಂದ ಹುಡುಗಿಗೆ ಗುಂಪಿಯಿಂದಲ್ಲ, ಮಾರುವ ಬುಟ್ಟಿಯಿಂದಲೇ ಕೆಂಪನೆಯ ಗಜ್ಜರಿ ಆರಿಸಿ ಕೊಟ್ಟು, ಆ ಹುಡುಗಿ ಅಲ್ಲಿಯೇ ಕಚ್ಚುವುದನ್ನು ನೋಡಿ ನಗುತ್ತಿದ್ದಳು. ಕೊಸರಿನಲ್ಲಿ ನಗು ಇದೆ ಎಂದು ನಾನೂ ಒಪ್ಪುತ್ತೇನೆ. ಆದರೆ ಕೊಡುವುದೋ ಬಿಡುವುದೋ ಎಂಬ ತೀರ್ಮಾನ ಅವಳ ಕೈಯಲ್ಲಿ ಇದ್ದಾಗ ಮಾತ್ರ ಅದು ಇಬ್ಬರ ಮುಖದಲ್ಲಿಯೂ ಬರುತ್ತದೆ. ಇಲ್ಲದಿದ್ದರೆ ಒಬ್ಬರ ಮುಖದಲ್ಲಿ ಮಾತ್ರ.

ನವನಗರದ ಓದುಗ (ಬಾಗಲಕೋಟೆ)

ಮಾನ್ಯರೆ, ನೀವು ಬರೆದ ಬಲಗಡೆಯ ಗುಂಪಿಯ ವಿಷಯ ನನಗೆ ಹೊಸದು. ಕೊಸರಿನ ಸಂತೋಷವನ್ನು ನಾನು ಕೊಳ್ಳುವವನ ಕಣ್ಣಿನಿಂದ ಬರೆದಿದ್ದೆ. ನೀವು ಬುಟ್ಟಿಯ ಹಿಂದಿನಿಂದ ತೋರಿಸಿದಿರಿ. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿರಿ. ಇದರ ಬಗ್ಗೆ ಉಳಿದವರು ಏನೆನ್ನುತ್ತಾರೆ?

ಲಿಂಬೆ ಬೆಳೆಗಾರ (ಇಂಡಿ)

ಕಾಯಿಪಲ್ಲೆಯವ್ವನ ಮಗ ಹೇಳಿದ ಮಾತನ್ನು ನಾನು ರೈತನ ಕಡೆಯಿಂದ ಇನ್ನಷ್ಟು ಗಟ್ಟಿ ಮಾಡುತ್ತೇನೆ. ನಮ್ಮ ಭಾಗದ ಲಿಂಬೆ ಹೆಸರಾದದ್ದು, ಇಂಡಿ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ತೋಟಕ್ಕೆ ಬಂದು ಲಿಂಬೆ ಕೊಳ್ಳುವ ಊರವರಿಗೆ, ನೂರು ಎಣಿಸಿ ಮುಗಿಸಿದ ಮೇಲೆ ಎರಡೂ ಕೈ ಕೂಡಿಸಿ ಒಂದು ಬೊಗಸೆ ಹೆಚ್ಚು ಹಾಕುವುದು ನಮ್ಮ ಮನೆಯ ಪದ್ಧತಿ. ಅದರಲ್ಲಿ ನನಗೆ ಕೊಡುವ ಸುಖವಿದೆ. ಉಪ್ಪಿನಕಾಯಿ ಹಾಕುವ ದಿನಗಳಲ್ಲಿ ಬಂದವರಿಗಂತೂ ಬೊಗಸೆ ಎರಡಾಗುತ್ತದೆ.

ಆದರೆ ಇದೇ ಹೆಚ್ಚಿನ ಮಾಲನ್ನು ಬಲವುಳ್ಳವನು ನಮ್ಮಿಂದ ತೆಗೆದುಕೊಂಡಾಗ ಅದರ ಹೆಸರು ಸೂಟು. ಚೀಲಕ್ಕೆ ಇಷ್ಟು ಕಿಲೋ ಎಂದು ತೂಕದಲ್ಲಿಯೇ ಮುರಿದುಕೊಳ್ಳುವ ಈ ರೂಢಿಯನ್ನು ಕಂಡು ನೊಂದ ರೈತರು ನಮ್ಮಲ್ಲಿ ಬಹಳ. ರಾಜ್ಯದಲ್ಲಿ 1966ರಲ್ಲಿಯೇ ಕೃಷಿ ಉತ್ಪನ್ನ ಮಾರುಕಟ್ಟೆಯ ನಿಯಂತ್ರಣಕ್ಕೆಂದು ಕಾಯ್ದೆ ಬಂದಿದೆ, ತೂಕದ ಮೋಸಕ್ಕೆ ಕಡಿವಾಣ ಹಾಕುವ ಕಾನೂನುಗಳೂ ಇವೆ. ಆದರೂ ಒಮ್ಮೆ ಒಬ್ಬ ಖರೀದಿದಾರನ ಎದುರು ನಾನು ಸೂಟಿನ ಬಗ್ಗೆ ತಕರಾರು ಎತ್ತಿದಾಗ "ಇಷ್ಟು ಕೊಸರು ಬಿಡಲಾರಿರೇನ್ರಿ ಗೌಡ್ರ" ಎಂದು ನಕ್ಕುಬಿಟ್ಟನು. ಕೊಸರೆಂಬ ಮಾತನ್ನು ಆ ಬಾಯಲ್ಲಿ ಕೇಳಿ ನನಗೆ ಆದ ಸಂಕಟವನ್ನು ಇನ್ನೂ ಮರೆತಿಲ್ಲ. ಬೊಗಸೆ ತುಂಬಿ ಕೊಟ್ಟದ್ದಕ್ಕೆ ನಾನೆಂದೂ ಲೆಕ್ಕ ಇಟ್ಟಿಲ್ಲ, ಆದರೆ ಮುರಿದುಕೊಂಡ ಪ್ರತಿ ಕಿಲೋ ನನಗೆ ನೆನಪಿದೆ.

ಹೀಗೆಂದು ಕೊಡುವುದನ್ನು ನಿಲ್ಲಿಸಿದ್ದೇನೆಂದು ತಿಳಿಯಬೇಡಿರಿ. ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಿ (ಹೊಲದಲ್ಲಿ ಎಡೆಯನ್ನು ಎರಚಿ), ಬನ್ನಿಗಿಡದ ಬುಡದಲ್ಲಿಟ್ಟ ಐದು ಕಲ್ಲುಗಳಿಗೆ ಎಡೆ ಹಿಡಿದು, ಊಟಕ್ಕೆ ಕುಳಿತಾಗ ದಾರಿಯಲ್ಲಿ ಹೋಗುವ ಯಾರನ್ನೇ ಆಗಲಿ ಕೂಗಿ ಕರೆಯುತ್ತೇವೆ. ಸಜ್ಜಿರೊಟ್ಟಿ, ಎಣ್ಣೆಗಾಯಿ, ಭಜ್ಜಿಪಲ್ಲೆ, ಶೇಂಗಾ ಹೋಳಿಗೆ ಎಲ್ಲವನ್ನೂ ಎರಡು ಪಾಲು ಹೆಚ್ಚಿಗೆ ಕಟ್ಟಿಕೊಂಡೇ ಹೊಲಕ್ಕೆ ಹೋಗಿರುತ್ತೇವೆ. ಮೋಟಾರ್ ಸೈಕಲ್ ಮೇಲೆ ಹೋಗುತ್ತಿದ್ದ ಔಷಧ ಕಂಪನಿಯ ಹುಡುಗನೊಬ್ಬ ಹೀಗೆ ಬಂದು ಕುಳಿತು, ಮೊದಲು ನಾಚಿ, ಆಮೇಲೆ ಮೂರನೆಯ ಹೋಳಿಗೆಯನ್ನು ತಾನೇ ಕೇಳಿ ಹಾಕಿಸಿಕೊಂಡನು. ನಮ್ಮ ಮನೆಯ ಹೆಂಗಸರು ಆ ದಿನವೆಲ್ಲ ಅದನ್ನೇ ಆಡಿಕೊಂಡು ಸಂತೋಷಪಟ್ಟರು. ಹೀಗೆ ಕೇಳಿ ಪಡೆದದ್ದಕ್ಕೂ ನಗು ಬರುತ್ತದೆ ನೋಡಿರಿ. ಬಲದಿಂದ ಕೇಳುವುದೇ ಬೇರೆ, ಸಲಿಗೆಯಿಂದ ಕೇಳುವುದೇ ಬೇರೆ.

ಮಗ್ಗದ ಮನೆಯವಳು (ಇಳಕಲ್)

ಬಟ್ಟೆಯ ವಿಷಯದಲ್ಲಿ ಕೊಸರು ಹೇಗೆಂದು ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಖಣವನ್ನೋ ಅಂಗಿಯ ಬಟ್ಟೆಯನ್ನೋ ಅಳತೆಗೋಲಿನಿಂದ ಅಳೆದ ಮೇಲೆ ನಾಲ್ಕು ಬೆರಳು ಬಿಟ್ಟು ಕತ್ತರಿಸುವುದು ಹಳೆಯ ವ್ಯಾಪಾರಿಗಳ ರೂಢಿ. ಆದರೆ ಸೀರೆಯಲ್ಲಿ ಅದು ನಡೆಯುವುದಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ (ಉದ್ದೆಳೆಗಳ) ಜೊತೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸಿರುತ್ತೇವೆ. ಹೀಗಾಗಿ ಎಲ್ಲಿ ಒಡಲು ಮುಗಿಯಬೇಕು, ಎಲ್ಲಿ ಕೆಂಪು ರೇಷ್ಮೆಯ ತೋಪುತೆನೆ ಸೆರಗು ಆರಂಭವಾಗಬೇಕು ಎಂಬುದು ಮಗ್ಗಕ್ಕೆ ಏರಿಸುವಾಗಲೇ ತೀರ್ಮಾನವಾಗಿರುತ್ತದೆ, ಮನಸ್ಸು ಬಂದಿತೆಂದು ನಾಲ್ಕು ಬೆರಳು ಹೆಚ್ಚು ನೇಯಲು ಬರುವುದಿಲ್ಲ.

ಹಾಗಾಗಿ ಮದುವೆಯ ಜವಳಿಗೆಂದು ಮನೆಯವರೆಗೆ ಬಂದವರಿಗೆ ನಮ್ಮ ಅತ್ತೆಯವರು ಬೇರೆ ರೀತಿಯಲ್ಲಿ ಕೊಡುತ್ತಾರೆ. ಹಣದ ಮಾತೆಲ್ಲ ಮುಗಿದ ಮೇಲೆ ಮದುಮಗಳನ್ನು ಮಣೆಯ ಮೇಲೆ ಕೂರಿಸಿ, ಅಕ್ಕಿ, ಉತ್ತತ್ತಿ, ಅರಿಶಿನಕೊಂಬು, ಕೊಬ್ಬರಿ ಬಟ್ಟಲು ಹಾಕಿ, ಒಂದು ಗುಳೇದಗುಡ್ಡದ ಖಣವಿಟ್ಟು ಉಡಿ ತುಂಬುತ್ತಾರೆ. ಬೆಲೆಗಾಗಿ ಅಷ್ಟು ಹೊತ್ತು ಹಟ ಹಿಡಿದು ಕುಳಿತಿದ್ದ ಹುಡುಗಿಯ ಸೋದರತ್ತೆಯೇ ಆಗ ಎದ್ದು ನಮ್ಮ ಅತ್ತೆಯವರ ಕಾಲು ಮುಟ್ಟಿದ್ದನ್ನು ನೋಡಿದ್ದೇನೆ. ಇದನ್ನು ಕೊಸರೆನ್ನಬಹುದೋ ಇಲ್ಲವೋ ನೀವೇ ಹೇಳಬೇಕು.

ತಿಳಕವಾಡಿಯ ನಿವೃತ್ತ ಶಿಕ್ಷಕಿ (ಬೆಳಗಾವಿ)

ಇಳಕಲ್‌ನ ಸಹೋದರಿ ಬರೆದದ್ದು ನನ್ನ ದೃಷ್ಟಿಯಲ್ಲಿ ಉತ್ತಮವಾದ ಕೊಸರು, ಏಕೆಂದರೆ ಅದು ವ್ಯವಹಾರ ಪೂರ್ತಿ ಮುಗಿದ ಮೇಲೆ ಬಂದಿದೆ. ನಮ್ಮ ಬೆಳಗಾವಿಯಲ್ಲಿ ಕುಂದಾ ಕೊಳ್ಳಲು ಹೋದರೆ ಕಾಗದದ ತುಣುಕಿನ ಮೇಲೆ ಚಮಚದಷ್ಟು ಇಟ್ಟು ರುಚಿ ನೋಡಲು ಕೊಡುತ್ತಾರೆ. ಗೋಕಾಕದಲ್ಲಿ ಕರದಂಟಿಗೂ ಹೀಗೆಯೇ. ಅದು ಬಾಯಿಗೆ ಹಿತವಾಗಿರುತ್ತದೆ, ಅದರಲ್ಲಿ ತಪ್ಪೂ ಇಲ್ಲ, ಆದರೆ ಕೊಳ್ಳುವ ಮೊದಲು ಬರುವುದರಿಂದ ಅದನ್ನು ನಾನು ಕೊಸರೆಂದು ಒಪ್ಪುವುದಿಲ್ಲ.

ಕಾಯಿಪಲ್ಲೆಯವ್ವನ ಮಗನ ಬರಹ ಓದಿದ ಮೇಲೆ ಒಂದು ಪ್ರಶ್ನೆ ನನ್ನನ್ನು ಕಾಡಿತು. ಕೊಸರು ಯಾವಾಗಲೂ ಮಾರುವವರಿಂದ ಕೊಳ್ಳುವವರಿಗೇ ಹರಿಯಬೇಕೆ? ನಮ್ಮ ಓಣಿಗೆ ಹಾಲು ತರುವ ಗೌಳಿ ಅಳತೆ ಮುಗಿದ ಮೇಲೆ ಪಾತ್ರೆಗೆ ಮೇಲೊಂದಿಷ್ಟು ಸುರಿಯದೆ ಹೋದವನಲ್ಲ. ಸಂಕ್ರಾಂತಿಯಂದು ಅವನಿಗೆ ಕುಸುರೆಳ್ಳು ಕೊಟ್ಟು, ದಸರೆಯಂದು ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಎನ್ನುವುದು ನಮ್ಮಲ್ಲಿ ಎಲ್ಲರೂ ಮಾಡುವಂಥದ್ದು. ಅದಕ್ಕಿಂತ ಹೆಚ್ಚಾಗಿ, ಬೇಸಿಗೆಯಲ್ಲಿ ಮಜ್ಜಿಗೆ, ಮಳೆಗಾಲದಲ್ಲಿ ಬಿಸಿ ಚಹಾ, ಮಗಳ ಪರೀಕ್ಷೆಯ ಫಲಿತಾಂಶ ಹೇಳಲು ಬಂದ ದಿನ ಒಂದು ಒಳ್ಳೆಯ ಪೆನ್ನು, ಇಂಥವನ್ನು ಕೊಟ್ಟಾಗ ಅವನ ಮುಖದಲ್ಲಿ ನಾನು ಕಂಡ ನಗು, ನನ್ನ ಪಾತ್ರೆಗೆ ಬಿದ್ದ ಹಾಲಿನಿಂದ ನನಗೆ ಬಂದ ನಗುವಿನಂಥದ್ದೇ. ಕೊಳ್ಳುವವರಾದ ನಾವು ಉಳಿದ ಚಿಲ್ಲರೆಯನ್ನು ಬಿಟ್ಟುಬರುವುದು ಕೂಡ ಒಳ್ಳೆಯದೇ. ಆದರೆ ಅದನ್ನು ದಾನ ಮಾಡಿದಂತೆ ಎಸೆದು ಬರಬಾರದು. ಕೆಲವು ವ್ಯಾಪಾರಿಗಳು ಅದನ್ನು ಅವಮಾನವೆಂದೇ ತಿಳಿಯುತ್ತಾರೆ, ತಿಳಿಯುವುದು ಸರಿಯೂ ಹೌದು.

ವಸತಿ ನಿಲಯದ ವಿದ್ಯಾರ್ಥಿನಿ (ವಿಜಯಪುರ)

ವ್ಯಾಪಾರಿ ಅಣ್ಣಾವ್ರು ಹೇಳಿದಂತೆ ಉದ್ರಿ ಬೇರೆ, ಕೊಸರು ಬೇರೆ ಎಂಬುದನ್ನು ಒಪ್ಪಿಕೊಂಡೆ. ಶಿಕ್ಷಕಿಯವರ ಬರಹ ಓದಿ ನಿನ್ನೆ ಬಾಳೆಹಣ್ಣಿನ ಕಾಕಾನ ಹತ್ತಿರ ಹೋದಾಗ ನಮ್ಮ ಊರಿನಿಂದ ಬಂದಿದ್ದ ಸೀತನಿಯನ್ನು ಒಂದು ಪೊಟ್ಟಣ ಕಟ್ಟಿಕೊಂಡು ಹೋಗಿದ್ದೆ. ಅವರು ಅದನ್ನು ಬಿಚ್ಚಿ, ಪಕ್ಕದ ಪೇರಲಹಣ್ಣಿನ ಗಾಡಿಯವರನ್ನೂ ಕರೆದು, "ನೋಡ್ರಿ, ಎಳೀ ಜ್ವಾಳ, ಈ ವರ್ಷದ್ದು" ಎಂದು ಇಬ್ಬರೂ ಅಲ್ಲಿಯೇ ಮುಕ್ಕಿದರು. ಹಣ್ಣಿಗೆ ಮಾತ್ರ ಪೂರ್ತಿ ಹಣ ತೆಗೆದುಕೊಂಡರು, ಕೊಸರನ್ನೂ ಹಾಕಲಿಲ್ಲ. ಲೆಕ್ಕ ಸಮ ಮಾಡುವ ಯೋಚನೆಯೇ ಅವರಿಗೆ ಬರಲಿಲ್ಲವೆಂದು ನನಗೆ ಬಹಳ ಖುಷಿಯಾಯಿತು.

ಕಾಯಿಪಲ್ಲೆಯವ್ವನ ಮಗ ಅಣ್ಣಾವ್ರಲ್ಲಿ ನನ್ನದೊಂದು ಪ್ರಶ್ನೆ. ನಾವು ವಸತಿ ನಿಲಯದವರು ಸರದಿಯ ಮೇಲೆ ಸಂತೆ ಮಾಡುತ್ತೇವೆ. ನಮ್ಮಂಥವರು ಯಾವ ಹೊತ್ತಿಗೆ ಹೋದರೆ, ಹೇಗೆ ನಡೆದುಕೊಂಡರೆ ಮಾರುವವರಿಗೆ ಭಾರವಾಗುವುದಿಲ್ಲ?

ಕಾಯಿಪಲ್ಲೆಯವ್ವನ ಮಗ (ವಿಜಯಪುರ)

ತಂಗಿ, ನೀನು ಕೇಳಿದ್ದು ನನಗೆ ಸಂತೋಷ ತಂದಿತು, ತಾಯಿಯವರನ್ನೇ ಕೇಳಿ ಬರೆಯುತ್ತಿದ್ದೇನೆ. ಬೋಣಿಯಾಗುವ ಮೊದಲು ಚೌಕಾಶಿ ಮಾಡಬೇಡಿರಿ. ಮಾಲನ್ನು ಆರಿಸುವಾಗ ಅದುಮಿ ನೋಡಬೇಡಿರಿ, ಬೆರಳು ಒತ್ತಿದ ಟೊಮೆಟೊವನ್ನು ಆಮೇಲೆ ಯಾರೂ ಕೊಳ್ಳುವುದಿಲ್ಲ. ಸಂಜೆ ಮಳೆ ಬರುವ ಹೊತ್ತಿನಲ್ಲಿ ಬುಟ್ಟಿ ಖಾಲಿ ಮಾಡಲು ಅಗ್ಗಕ್ಕೆ ಕೊಡುತ್ತಾರೆ, ಅದನ್ನು ತೆಗೆದುಕೊಂಡರೆ ಅವರಿಗೆ ಉಪಕಾರವೇ ಆಗುತ್ತದೆ, ಸಂಕೋಚ ಬೇಡ. ಕೈ ಹಾಕಿ ತೆಗೆದುಕೊಳ್ಳುವುದನ್ನು ಬಿಟ್ಟು, ಅವರು ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಳ್ಳಿರಿ.

ಕೊಸರಿನ ಗುಂಪಿಯಲ್ಲಿ ಏನಿರುತ್ತದೆ ಎಂಬುದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಬೇಸಿಗೆಯಲ್ಲಿ ಕೊತ್ತಂಬರಿಯ ದರ ಏರುವುದರಿಂದ ಅದನ್ನು ಕೇಳಲೇಬಾರದು, ಆಗ ಹೆಚ್ಚೆಂದರೆ ನಾಲ್ಕು ಹಸಿಮೆಣಸಿನಕಾಯಿ ಸಿಕ್ಕಾವು. ಮಳೆಗಾಲದಲ್ಲಿ ಸೊಪ್ಪು ಬೇಗ ಕೊಳೆಯುವುದರಿಂದ ಮೆಂತ್ಯ, ರಾಜಗಿರಿ ಧಾರಾಳವಾಗಿ ಬರುತ್ತವೆ. ಚಳಿಗಾಲದಲ್ಲಿ ಹೋದರೆ ಉಳ್ಳಾಗಡ್ಡಿಯ ತಪ್ಪಲು, ಹಸಿ ಕಡಲೆಯ ಗಿಡ, ಹಕ್ಕರಕಿ ಇವೆಲ್ಲ ಇರುತ್ತವೆ. ಹಕ್ಕರಕಿಯನ್ನು ಬೇಯಿಸಲು ಹೋಗಬೇಡಿರಿ ಎಂದು ತಾಯಿಯವರು ಮುದ್ದಾಮ್ ಹೇಳಿದ್ದಾರೆ. ತೊಳೆದು, ಹಸಿಯದಾಗಿಯೇ, ರೊಟ್ಟಿಗೆ ಶೇಂಗಾ ಹಿಂಡಿ ಮತ್ತು ಮೊಸರು ಹಚ್ಚಿಕೊಂಡು ಅದರ ಜೊತೆ ತಿನ್ನಬೇಕಂತೆ. ನಮ್ಮ ತಾಯಿ ಈಗಲೂ ವಾರದ ಸಂತೆಗೆ ಹೋಗಿ ಕೂರುತ್ತಾಳೆ, ನಾವು ಬೇಡವೆಂದರೂ ಕೇಳುವುದಿಲ್ಲ.